ಮಸಿ ಜಾಡಿಯ ಮುಚ್ಚಳ

ನನ್ನ ಗಂಡ ನನ್ನನ್ನು ಭೂತಗನ್ನಡಿ ಎಂದು ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಅವರು ಶಾಯಿ ಮಾಡಿದರು, ಅಷ್ಟೂ ವರ್ಷ ನಾನು ಅದರಲ್ಲಿ ತಪ್ಪು ಹುಡುಕಿದೆ. ಅದು ಜಗಳವಲ್ಲ, ನನ್ನ ಕೆಲಸವೇ ಅದಾಗಿತ್ತು. ಹೊಸ ಶಾಯಿಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕುವುದು, ಇನ್ನೊಂದು ಗಾಜಿನ ಅಂಚಿನಿಂದ ತೆಳ್ಳಗೆ ಎಳೆಯುವುದು, ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು. ಒಳ್ಳೆಯ ಶಾಯಿ ಒಂದೇ ಸಮನೆ ಹರಡುತ್ತದೆ. ಕೆಟ್ಟದ್ದರಲ್ಲಿ ಅಲ್ಲಲ್ಲಿ ಮರಳಿನಂಥ ಗಂಟು, ಆ ಗಂಟಿನ ಹಿಂದೆ ಒಂದು ಗೀರು. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುವುದಿಲ್ಲ. ನಾನು ಹುಡುಕಿ ತೆಗೆದ ಕಲ್ಲಿನಿಂದಲೇ ನಮ್ಮ ಶಾಯಿಗೆ ಹೆಸರು ಬಂದದ್ದು.

ನಕ್ಷೆ ಬರೆಯುವವರ ಕಪ್ಪು ಶಾಯಿ ನಮ್ಮದು. ಕೂದಲೆಳೆಯಷ್ಟು ಸಣ್ಣ ಕೊಳವೆಯ ಪೆನ್ನಿನಲ್ಲಿ ಅದು ಇಳಿಯಬೇಕು. ಒಂದೇ ಒಂದು ಗಂಟು ಸಿಕ್ಕಿಕೊಂಡರೂ ಪೆನ್ನು ಕಟ್ಟಿಕೊಳ್ಳುತ್ತದೆ, ಮೂರು ದಿನ ಕೂತು ಬರೆದ ನಕ್ಷೆಯ ಮೇಲೆ ಕೊಳಕು ಕಲೆ ಬೀಳುತ್ತದೆ.

ಮಾಡುವ ಬಗೆಯಲ್ಲಿ ಯಾರೂ ಕದಿಯುವಂಥದ್ದೇನಿಲ್ಲ, ಆದರೂ ನಾನು ಪೂರ್ತಿ ಹೇಳುವುದಿಲ್ಲ. ದೀಪದ ಮಸಿಯನ್ನು ನೀರಿನ ಜೊತೆ ಗೋಲಿ ತುಂಬಿದ ಪೀಪಾಯಿಗೆ ಹಾಕಿ ಮೂರು ದಿನ ಉರುಳಿಸುತ್ತೇವೆ. ಮಸಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ, ಒಂದನ್ನೊಂದು ಮುಟ್ಟದೆ, ನೀರಿನಲ್ಲಿ ತೇಲಿಕೊಂಡಿರುತ್ತದೆ. ಅದನ್ನು ಮಸಿ ನೀರು ಅನ್ನುತ್ತೇವೆ. ಅದಕ್ಕೊಂದು ಪಿಂಗಾಣಿ ಜಾಡಿ. ಇನ್ನೊಂದು ಜಾಡಿಯಲ್ಲಿ ಗೋಂದನ್ನು ನೆನೆಸಿ, ಸೋಸಿ, ಜೇನಿನ ಹದಕ್ಕೆ ತಂದ ಗೋಂದಿನ ನೀರು. ಶುಕ್ರವಾರ ಜಾಡಿ ತುಂಬಿದರೆ ಮುಂದಿನ ಗುರುವಾರ ಬೆರೆಸುವುದು. ಆ ಬೆರೆಸುವುದರಲ್ಲೇ ಎಲ್ಲ ಇರುವುದು. ದೊಡ್ಡ ಪಾತ್ರೆಯಲ್ಲಿ ಮೊದಲು ಗೋಂದಿನ ನೀರು ಹಾಕಿ, ತಿರುವುತ್ತ ತಿರುವುತ್ತ, ಮಸಿ ನೀರನ್ನು ನೂಲಿನಂಥ ಧಾರೆಯಲ್ಲಿ ಅದರೊಳಕ್ಕೆ ಬಿಡಬೇಕು. ತಿರುವುಮುರುವು ಮಾಡಬಾರದು. ಮಸಿ ಗೋಂದಿನ ಮನೆಗೆ ಹೋಗಬೇಕು, ಗೋಂದು ಮಸಿಯ ಮನೆಯ ಹೊಸಿಲು ತುಳಿಯಬಾರದು ಎಂದು ನನ್ನ ಗಂಡ ಹೇಳುತ್ತಿದ್ದರು. ಯಾಕೆ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಅವರಿಗೆ ಕಲಿಸಿದವರು ಹಾಗೆ ಹೇಳಿದ್ದರಂತೆ. ಬೆರೆಸುವ ಕೋಣೆಯ ಗೋಡೆಯ ಮೇಲೆ ಎರಡು ಮೊಳೆ, ಎರಡು ಸೌಟು: ಗೋಂದಿಗೆ ಮರದ್ದು, ಮಸಿಗೆ ಹಿತ್ತಾಳೆಯದು.

ಅವರು ಹೋಗಿ ಮೂರು ವರ್ಷವಾಯಿತು. ಎರಡು ವರ್ಷ ನಾನು, ಮಗಳು ಹೇಗೋ ನಡೆಸಿದೆವು. ಆಮೇಲೆ ಮಗಳಿಗೆ ಮದುವೆಯಾಗಿ ಅಳಿಯ ಬಂದ. ಮನೆ ಅಳಿಯ ಅನ್ನುತ್ತಾರಲ್ಲ, ಹಾಗೆ. ಬಣ್ಣದ ಅಂಗಡಿಯಲ್ಲಿ ಛಾಯೆ ಬೆರೆಸುವ ಕೆಲಸದಲ್ಲಿದ್ದವನು. ಮಾತು ಕಡಿಮೆ, ಕಿವಿಯ ಮೇಲೊಂದು ಪೆನ್ಸಿಲು, ಅಂಗಿಯ ಜೇಬಿನಲ್ಲಿ ಅಂಗೈಯಗಲದ ಒಂದು ಪುಸ್ತಕ. ಏನು ಮಾಡಿದರೂ ಅದರಲ್ಲಿ ಬರೆದುಕೊಳ್ಳುವನು. ನೀರಿನ ಬಿಸಿ ಎಷ್ಟು, ಲಿಟ್ಮಸ್ ಕಾಗದ ಯಾವ ಬಣ್ಣಕ್ಕೆ ತಿರುಗಿತು, ಪೀಪಾಯಿ ಎಷ್ಟು ಸುತ್ತು ಸುತ್ತಿತು, ಎಲ್ಲ. ಬೆರೆಸುವ ಕೋಣೆಯ ಬೀಗದ ಕೈ ಅವನಿಗೆ ಕೊಟ್ಟೆ. ಗಂಡನ ಬಳಿ ಇದ್ದ ಇನ್ನೊಂದು ಬೀಗದ ಕೈ ನನ್ನ ಗುಂಡಿ ಡಬ್ಬಿಯಲ್ಲಿ ಉಳಿಯಿತು. ಅದರ ವಿಷಯ ಯಾರಿಗೂ ಹೇಳಲಿಲ್ಲ. ಎದುರಿಗೆ ಅವನನ್ನು 'ನೀವು' ಎನ್ನುತ್ತಿದ್ದೆ, ಬೆನ್ನ ಹಿಂದೆ 'ಅವನು'; ಹಾಗೆ ನಡೆಯುತ್ತಿತ್ತು ನಮ್ಮ ಸಂಸಾರ.

ಒಂದು ದಿನ ಮಧ್ಯಾಹ್ನ ಎದುರಿನ ಚಹಾ ಅಂಗಡಿಯಲ್ಲಿ ಅವನನ್ನು ಕಂಡೆ. ಜೊತೆಗೆ ಬೂದು ಕೋಟಿನ ಒಬ್ಬ ಮನುಷ್ಯ. ಆ ಕೋಟನ್ನು ನಾನು ಬಲ್ಲೆ. ಊರಾಚೆಯ ದೊಡ್ಡ ಶಾಯಿ ಕಾರ್ಖಾನೆಯ ಏಜೆಂಟ, ನನ್ನ ಗಂಡ ಇದ್ದಾಗ ಎರಡು ಸಲ ಬಂದು ನಮ್ಮ ಹದವನ್ನು ಕೊಳ್ಳಲು ನೋಡಿದವನು. ಇಬ್ಬರ ನಡುವೆ ಮೇಜಿನ ಮೇಲೆ ಆ ಪುಸ್ತಕ ತೆರೆದಿತ್ತು. ಸಂಜೆ ಅಳಿಯನನ್ನು ಯಾರು ಬಂದಿದ್ದು ಎಂದು ಸುಮ್ಮನೆ ಕೇಳುವಂತೆ ಕೇಳಿದೆ. ಯಾರೋ ಹಳೆ ಪರಿಚಯ ಅಂದ, ಕಿವಿ ಕೆಂಪಗಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಜೇಬು ಬೇರೆ ಮುಟ್ಟಿಕೊಂಡ.

ಅವತ್ತಿನಿಂದ ನನಗೆ ಊಟ ರುಚಿಸಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ನಾನೇ ಕಾಯಬೇಕು.

ಅಳಿಯ ಮೇಲಿನ ಮನೆಯಿಂದ ಇಳಿದು ಕೆಲಸಕ್ಕೆ ಬರುವುದು ಎಂಟು ಗಂಟೆಗೆ. ನಾನು ಏಳಕ್ಕೇ, ಕಿಟಕಿ ಒರೆಸುವ ನೆಪದಲ್ಲಿ ಕೆಳಗಿಳಿಯತೊಡಗಿದೆ. ಗುಂಡಿ ಡಬ್ಬಿಯಲ್ಲಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಹೋಗಿ ಎರಡೂ ಜಾಡಿ ನೋಡುವುದು. ಹದ ಬದಲಾಯಿಸುತ್ತಿದ್ದಾನೋ, ಗೋಂದು ತೆಳು ಮಾಡುತ್ತಿದ್ದಾನೋ, ಮಸಿ ಕದಿಯುತ್ತಿದ್ದಾನೋ, ತಿಳಿಯಬೇಕಲ್ಲ. ಗೋಡೆಯ ಮೇಲಿನ ಸೌಟುಗಳನ್ನು ಮುಟ್ಟುವಂತಿರಲಿಲ್ಲ. ಒದ್ದೆ ಸೌಟು ಕಂಡರೆ ಪೆನ್ಸಿಲಿನವನು ಅದನ್ನೂ ಬರೆದುಕೊಂಡಾನು. ತೊಳೆದಿಡೋಣ ಎಂದರೆ ಆ ಕೋಣೆಯ ನಲ್ಲಿ ತಿರುಗಿಸಿದ ಕೂಡಲೆ ಕೊಳವೆ ಮನೆಯೆಲ್ಲ ಕೇಳುವಂತೆ ಗೊಳೋ ಎಂದು ಅಳುತ್ತದೆ. ಹಾಗಾಗಿ ನಮ್ಮ ಅಡುಗೆಮನೆಯ ಉಕ್ಕಿನ ಸೌಟನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ, ಒರೆಸಿಕೊಳ್ಳಲು ಒಂದು ಹಳೆ ಬಟ್ಟೆಯ ಚೂರು. ಮೊದಲು ಮಸಿ ನೋಡಿದರೆ ಸೌಟಿಗೆ ಹತ್ತಿದ ಕಪ್ಪು ಗೋಂದಿನ ತಿಳಿಯಲ್ಲಿ ಎದ್ದು ಕಾಣುತ್ತದೆ, ನಾನು ಸಿಕ್ಕಿಬೀಳುತ್ತೇನೆ. ಅದಕ್ಕೇ ಮೊದಲು ಗೋಂದು. ಒಂದು ಸೌಟು ಎತ್ತಿ, ಮೇಲಿನಿಂದ ಬಿಟ್ಟು, ಎಳೆ ಎಷ್ಟುದ್ದ ಬರುತ್ತದೆ ನೋಡುವುದು. ಸೌಟನ್ನು ಬಟ್ಟೆಯಲ್ಲಿ ಒರೆಸುವುದು. ಆಮೇಲೆ ಮಸಿ ಜಾಡಿಗೆ ಇಳಿಸಿ, ಚೆನ್ನಾಗಿ ಕಲಕಿ, ಒಂದು ಹನಿ ಗಾಜಿಗೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಹೊರಡುವಾಗ ಮಸಿ ಜಾಡಿಯ ಮುಚ್ಚಳದ ಮೇಲೆ ಒಂದು ಬಿಳಿ ನೂಲಿನ ತುಂಡು ಇಟ್ಟು ಬರುತ್ತಿದ್ದೆ. ಯಾರಾದರೂ ತೆರೆದರೆ ಅದು ಬೀಳಬೇಕು. ದಿನಾ ಬೀಳುತ್ತಿತ್ತು. ಬೆರೆಸುವುದು ಗುರುವಾರ, ಇವನಿಗೆ ಸೋಮವಾರ ಮಂಗಳವಾರ ಆ ಜಾಡಿಯಲ್ಲೇನು ಕೆಲಸ?

ಎರಡು ವಾರ ಕಳೆದಿರಬೇಕು. ಗುರುವಾರದ ಶಾಯಿಯನ್ನು ಗಾಜಿನ ಮೇಲೆ ಎಳೆದೆ, ಗಂಟು. ಒಂದಲ್ಲ ಎರಡಲ್ಲ, ಎಣಿಸಲಿಕ್ಕಾಗದಷ್ಟು. ಸೋಸಿದೆವು, ಬಟ್ಟೆಯಲ್ಲಿ ಕಪ್ಪು ಕೆಸರು ಉಳಿಯಿತು, ಸೋಸಿದ ಶಾಯಿ ಮಳೆನೀರಿನ ಹಾಗೆ ಬೂದು. ಅಳಿಯ ಗಾಜನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಿದ್ದ. ನಾಟಕ ಚೆನ್ನಾಗಿ ಬರುತ್ತದೆ ಎಂದುಕೊಂಡೆ.

ಮುಂದಿನ ವಾರ ನಾನು ಬೆಳಿಗ್ಗೆಯೊಮ್ಮೆ, ಅವನು ಮಧ್ಯಾಹ್ನ ಊಟಕ್ಕೆ ಮೇಲೆ ಹೋದಾಗ ಇನ್ನೊಮ್ಮೆ ಜಾಡಿ ನೋಡಿದೆ. ಬುಧವಾರದ ಹೊತ್ತಿಗೆ ನನ್ನ ಗಾಜಿನ ಮೇಲೆ ಸಾಕ್ಷಿ ಸಿಕ್ಕಿತು. ಶಾಯಿಯಲ್ಲಲ್ಲ, ಬೆರೆಸುವ ಮೊದಲೇ, ಬರೀ ಮಸಿ ನೀರಿನಲ್ಲೇ ಗಂಟು. ಶುಕ್ರವಾರ ನಾನೇ ನೋಡಿ ತುಂಬಿಸಿದ ಜಾಡಿ ಅದು, ಒಂದು ಗಂಟಿರಲಿಲ್ಲ. ಅಂದರೆ ಯಾರೋ ಜಾಡಿಗೆ ಏನನ್ನೋ ಹಾಕುತ್ತಿದ್ದಾರೆ. ಬೀಗದ ಕೈ ಇರುವವನು ಒಬ್ಬನೇ. ಶಾಯಿ ಕೆಡಬೇಕು, ಗಿರಾಕಿ ಬಿಡಬೇಕು, ಮುದುಕಿ ಸೋತು ಕೂರಬೇಕು, ಆಮೇಲೆ ಬೂದು ಕೋಟಿನವನು ಬಂದು ನಮ್ಮ ಹದವನ್ನೂ ಹೆಸರನ್ನೂ ಎತ್ತಿಕೊಂಡು ಹೋಗಬೇಕು. ಲೆಕ್ಕ ಎಷ್ಟು ಸರಿಯಾಗಿ ಕೂಡಿತೆಂದರೆ ನನಗೆ ದುಃಖದ ಜೊತೆ ಒಂಥರಾ ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಲಿ.

ಮನೆಯಲ್ಲಿ ಮಗಳಿಗೆ ಬೇರೆ ಚಿಂತೆ. ಬಡಿಸಲು ಹೋದಾಗೆಲ್ಲ ಸೌಟು ಕಾಣೆಯಾಗುತ್ತದೆ, ಸಿಕ್ಕರೂ ಅಂಟು ಅಂಟು ಎಂದು ಗೊಣಗುತ್ತಿದ್ದಳು. ನಿನಗೆ ಪಾತ್ರೆ ತೊಳೆಯಲು ಬರುವುದಿಲ್ಲ ಎಂದು ನಾನು ಅವಳನ್ನೇ ಬೈದೆ.

ಹೀಗೆ ಆರು ವಾರ ಹೋಯಿತು. ನಡುವೆ ಒಂದೆರಡು ಸಲ ತುಸು ಸುಧಾರಿಸಿದಂತೆ ಕಂಡರೂ ಮತ್ತೆ ಗಂಟು. ಇಪ್ಪತ್ತು ವರ್ಷದಿಂದ ನಮ್ಮ ಶಾಯಿಯಲ್ಲೇ ಬರೆಯುತ್ತಿದ್ದ ನಕ್ಷೆಯವರು ಒಂದು ದಿನ ಮೂರು ಬಾಟಲಿ ಹಿಂದಕ್ಕೆ ತಂದು ಮೇಜಿನ ಮೇಲಿಟ್ಟರು. ನನಗಿಂತ ಹತ್ತು ವರ್ಷ ಚಿಕ್ಕವರು, ಬೆರಳ ತುದಿ ಸದಾ ಕಪ್ಪು, ಜಗಳ ಗೊತ್ತಿಲ್ಲದ ಹೆಂಗಸು. ಎರಡು ಪೆನ್ನು ಹಾಳಾದವು, ಒಂದು ನದಿಯ ದಂಡೆಯ ಮೇಲೆ ಗುಂಡಿಯಷ್ಟು ದೊಡ್ಡ ಕಲೆ ಬಿತ್ತು ಎಂದು ಮೆಲ್ಲಗೆ ಹೇಳಿದರು. ಮುಂದಿನ ಗುರುವಾರ ತಾವೇ ಬಂದು ಬರೆದು ನೋಡುವುದಾಗಿಯೂ, ಅದೂ ಹೀಗೇ ಇದ್ದರೆ ಬೇರೆ ಕಡೆ ಕೇಳುವುದಾಗಿಯೂ ಹೇಳಿ ಹೋದರು.

ಅವತ್ತು ಊಟದ ಮೇಜಿನಲ್ಲಿ ನಾನು ತಡೆದುಕೊಳ್ಳಲಿಲ್ಲ. ಅಳಿಯನ ಮುಖ ನೋಡದೆ, ತಟ್ಟೆ ನೋಡಿಕೊಂಡು ಹೇಳಿದೆ.

"ಗುರುವಾರದ್ದೂ ಗಂಟು ಕಟ್ಟಿದ್ರೆ ಕೋಣೆ ಬೀಗದ ಕೈ ನನಗೆ ಕೊಟ್ಬಿಡಿ. ಬೆರೆಸೋದು ನಾನೇ ನೋಡ್ಕೋತೀನಿ."

"ಆಗ್ಲಿ ಅತ್ತೆ," ಅಂದ. ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಜಗಳವಾಡುತ್ತಿದ್ದರು. ತಪ್ಪಿಲ್ಲದವನು ಜಗಳವಾಡುತ್ತಾನೆ, ತಪ್ಪಿದ್ದವನು ಒಪ್ಪುತ್ತಾನೆ ಎಂದು ನಾನು ಅದನ್ನೂ ನನ್ನ ಲೆಕ್ಕಕ್ಕೆ ಸೇರಿಸಿದೆ.

ಅವನು ಕೈ ತೊಳೆಯಲು ಎದ್ದು ಹೋದ ಮೇಲೆ ಮಗಳು ನನ್ನ ಕಡೆ ತಿರುಗಿದಳು. ಅವಳ ಧ್ವನಿ ಏರಲಿಲ್ಲ.

"ಅವರನ್ನ ಆ ಕೋಣೆಯಿಂದ ಹೊರಗೆ ಹಾಕಿದ್ರೆ ನಾನೂ ಈ ಮನೆಯಿಂದ ಹೊರಟೆ ಅಂತ ತಿಳ್ಕೋ ಅಮ್ಮ. ಆಮೇಲೆ ಕರೆದ್ರೂ ಬರಲ್ಲ."

ಅವಳು ಚಿಕ್ಕಂದಿನಿಂದ ಹಟ ಮಾಡಿದವಳಲ್ಲ. ಮಾಡದವರು ಒಮ್ಮೆ ಮಾಡಿದರೆ ಮುಗಿಯಿತು, ನನಗೆ ಗೊತ್ತು. ನನಗೀಗ ಬೇಕಾದದ್ದು ಸಾಕ್ಷಿ. ಅವಳ ಕೈಯಲ್ಲೇ ಇಟ್ಟು ನೋಡು ನಿನ್ನ ಗಂಡನ ಕೆಲಸ ಎನ್ನುವಂಥದ್ದು. ಅದು ಆ ಪುಸ್ತಕದಲ್ಲಿದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಬುಧವಾರ ಮಧ್ಯಾಹ್ನ ಅವಕಾಶ ಸಿಕ್ಕಿತು. ಗೋಂದಿನ ಮೂಟೆ ಬಂದಿದೆ ಎಂದು ಅಳಿಯ ರೈಲು ನಿಲ್ದಾಣಕ್ಕೆ ಹೋದ. ಹೋಗುವಾಗ ಕೆಲಸದ ಅಂಗಿ ಬಿಚ್ಚಿ ಬೆರೆಸುವ ಕೋಣೆಯ ಬಾಗಿಲ ಹಿಂದಿನ ಮೊಳೆಗೆ ಹಾಕಿ, ಒಗೆದ ಅಂಗಿ ಹಾಕಿಕೊಂಡು ಹೋದ. ಮಗಳು ಮುಂದಿನ ಕೋಣೆಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ನಾನು ಬೆರೆಸುವ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಅಂಗಿಯ ಜೇಬಿಗೆ ಕೈ ಹಾಕಿದೆ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರೆ. ನಾನು ಕಣ್ಣು ಬಿಟ್ಟುಕೊಂಡೇ, ಕನ್ನಡಕ ಹಾಕಿಕೊಂಡು, ಮೊದಲ ಪುಟದಿಂದ ಓದಿದೆ.

ನಮ್ಮ ಹದ ಅದರಲ್ಲಿ ಎಲ್ಲೂ ಇರಲಿಲ್ಲ. ಗೋಂದೆಷ್ಟು ಮಸಿಯೆಷ್ಟು ಎಂಬಲ್ಲೆಲ್ಲ 'ಮಾವನವರ ಅಳತೆ' ಎಂದಷ್ಟೇ ಬರೆದಿದ್ದ. ಒಂದು ಪುಟದ ಮೂಲೆಯಲ್ಲಿ: 'ಏಜೆಂಟು ಬಂದಿದ್ದರು. ಅವರ ಕಾರ್ಖಾನೆಗೆ ಕರೆದರು. ಇಲ್ಲ ಅಂದೆ. ಪುಸ್ತಕ ನೋಡಿ ನಕ್ಕರು, ಇದರಲ್ಲೇನೂ ಇಲ್ಲವಲ್ಲ ಎಂದು. ಮನೆಯಲ್ಲಿ ಹೇಳಬಾರದು, ಅತ್ತೆ ಗಾಬರಿಯಾಗುತ್ತಾರೆ.' ನಾನು ಆ ಸಾಲನ್ನು ಎರಡು ಸಲ ಓದಿದೆ. ಹೀಗೂ ಬರೆದಿಟ್ಟುಕೊಳ್ಳಬಹುದಲ್ಲ, ಯಾರಾದರೂ ಓದಲಿ ಎಂದೇ, ಅನ್ನಿಸಿತು. ಮುಂದೆ ತಿರುವಿದೆ.

ಗಂಟು ಕಾಣಿಸಿದ ಗುರುವಾರದಿಂದ ಅಕ್ಷರ ಸಣ್ಣದಾಗಿತ್ತು, ಒತ್ತೊತ್ತಾಗಿತ್ತು. ನೀರು ಬದಲಾಯಿಸಿದ್ದ, ಆಗಲಿಲ್ಲ. ಗೋಂದು, ಮಸಿ ಎರಡನ್ನೂ ಒಂದೇ ಬಿಸಿಗೆ ತಂದು ನೋಡಿದ್ದ, ಆಗಲಿಲ್ಲ. ಎರಡಕ್ಕೂ ಲಿಟ್ಮಸ್ ಕಾಗದ ಒಂದೇ ಬಣ್ಣ ತೋರುವಂತೆ ಮಾಡಿದ್ದ, ಆಗಲಿಲ್ಲ. ಧಾರೆಯನ್ನು ಇನ್ನೂ ಸಣ್ಣದು ಮಾಡಿದ್ದ. ಪ್ರತಿ ದಿನ ಜಾಡಿಯಿಂದ ಒಂದು ಹನಿ ತೆಗೆದು ನೋಡಿದ್ದ. ಓಹೋ, ನನ್ನ ನೂಲು ಬೀಳುತ್ತಿದ್ದುದು ಅದಕ್ಕೆ. ಅದನ್ನೂ ಬರೆದಿದ್ದ: 'ಮುಚ್ಚಳದ ಮೇಲೆ ಮತ್ತೆ ಬಿಳಿ ನೂಲು. ಎಲ್ಲಿಂದ ಬರುತ್ತದೆ?'

ಆಮೇಲೆ ಒಂದು ಪುಟ ಪೂರ್ತಿ ಸಣ್ಣ ಸೀಸೆಗಳ ಚಿತ್ರ. ಹೊಸ ಮಸಿ ನೀರನ್ನು ಆರು ಸೀಸೆಗೆ ಹಾಕಿ, ಒಂದೊಂದಕ್ಕೆ ಒಂದೊಂದು ಅಳತೆಯ ಗೋಂದು ಸೇರಿಸಿ ಒಂದು ದಿನ ಇಟ್ಟು ನೋಡಿದ್ದ. ಗೋಂದೇ ಇಲ್ಲದ್ದು ಸರಿಯಾಗಿತ್ತು. ಗೋಂದು ತುಂಬ ಇದ್ದದ್ದೂ ಸರಿಯಾಗಿತ್ತು. ಒಂದೇ ಒಂದು ಹನಿ ಬಿದ್ದ ಸೀಸೆಯಲ್ಲಿ ಗಂಟು ಕಟ್ಟಿ ತಳಕ್ಕೆ ಇಳಿದಿತ್ತು. ಕೆಳಗೆ ಬರೆದಿದ್ದ: 'ಗೋಂದು ಬೇಕಾದಷ್ಟಿದ್ದರೆ ಒಂದೊಂದು ಕಣಕ್ಕೂ ಒಂದೊಂದು ಕಂಬಳಿ. ಹೊದ್ದುಕೊಂಡು ದೂರ ದೂರ ಇರುತ್ತವೆ. ಹನಿಯಷ್ಟೇ ಇದ್ದರೆ ನಾಲ್ಕು ಕಣಕ್ಕೆ ಒಂದೇ ಕಂಬಳಿ, ಎಳೆದಾಡಿಕೊಂಡು ಒಂದೇ ಕಡೆ ಮುದುಡುತ್ತವೆ. ಒಮ್ಮೆ ಮುದುಡಿದರೆ ಆಮೇಲೆ ಎಷ್ಟು ಗೋಂದು ಸುರಿದರೂ ಬಿಡುವುದಿಲ್ಲ. ಮಸಿಗೆ ಗೋಂದು ಬರಬಾರದು ಎಂದು ಮಾವನವರು ಹೇಳಿದ್ದು ಇದಕ್ಕೇ ಇರಬೇಕು. ಹಾಗಾದರೆ ನಮ್ಮ ಜಾಡಿಗೆ ಗುರುವಾರದ ಮೊದಲೇ ಸ್ವಲ್ಪ ಗೋಂದು ಬೀಳುತ್ತಿದೆ. ಯಾರೋ ಹಾಕುತ್ತಿದ್ದಾರೆ.'

ಮೂವತ್ತೊಂದು ವರ್ಷ ನನ್ನ ಗಂಡನಿಗೂ ತಿಳಿಯದ ಕಾರಣ ಅದು. ಓದುತ್ತ ನನಗೆ ಮೊದಲು ಬಂದದ್ದು ಹೆಮ್ಮೆ: ನಾನು ಹೇಳಿದ್ದೇ ಸರಿ, ಯಾರೋ ಹಾಕುತ್ತಿದ್ದಾರೆ. ಯಾರು ಆ ದರಿದ್ರ ಎಂದು ಹಾಳೆ ತಿರುವಿದೆ.

'ಮುಚ್ಚಳಕ್ಕೂ ಜಾಡಿಗೂ ಸೇರಿಸಿ ಪೆನ್ಸಿಲಿನಲ್ಲಿ ಒಂದು ಗೀಟು ಎಳೆದಿದ್ದೇನೆ. ಶನಿವಾರ: ಗೀಟು ಅರ್ಧ ಬೆರಳು ಸರಿದಿದೆ. ಭಾನುವಾರ: ಸರಿದಿದೆ. ಸೋಮವಾರ: ಎರಡು ಸಲ.'

ಅದರ ಕೆಳಗೆ ಬೇರೆ ದಿನದ ಬರಹ. 'ಊಟಕ್ಕೆ ಬಡಿಸುವಾಗ ನೋಡಿದೆ. ಸೌಟಿನ ಹಿಡಿ ಕೂಡುವ ಸಂದಿನಲ್ಲಿ ಕಪ್ಪು. ಉಗುರಿನಿಂದ ಕೆರೆದೆ, ಮಸಿ. ಮುಟ್ಟಿದರೆ ಗೋಂದಿನ ಅಂಟು.'

ಆಮೇಲೆ ಅರ್ಧ ಪುಟ ಖಾಲಿ. ಆಮೇಲೆ ಒಂದೇ ಸಾಲು: 'ಹೇಗೆ ಹೇಳುವುದು?'

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳ ಕತೆ ಕೇಳಿ ಎಷ್ಟು ಸಲ ನಕ್ಕಿದ್ದೇನೋ. ನನ್ನ ಚೀಲದಲ್ಲಿ ಆ ಸೌಟು ಆಗಲೂ ಇತ್ತು. ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಬಟ್ಟೆಯಲ್ಲಿ ಒರೆಸಿದ್ದೆ, ಹೌದು, ಆದರೆ ಒರೆಸಿದರೆ ಗೋಂದು ಹೋಗುತ್ತದೆಯೇ? ಗಾಜಿನಲ್ಲಿ ಮರಳಿನ ಕಾಳು ಕಾಣುವ ನನ್ನ ಕಣ್ಣಿಗೆ ಸೌಟಿನ ಹೊಟ್ಟೆಯ ಮೇಲೆ ಹೊಳೆಯುತ್ತಿದ್ದ ಆ ತೆಳು ಪೊರೆ ಆರು ವಾರ ಕಂಡಿರಲಿಲ್ಲ. ಅನುಮಾನ ಹೆಚ್ಚಾದಷ್ಟೂ ಹೆಚ್ಚು ಸಲ ನೋಡಿದ್ದೆ, ನೋಡಿದಷ್ಟೂ ಗಂಟು ಹೆಚ್ಚಾಗಿತ್ತು.

ಕೊನೆಯ ಪುಟದಲ್ಲಿ ಹೀಗಿತ್ತು: 'ಹೇಳುವುದಿಲ್ಲ. ಹೊಸ ಮಸಿ ನೀರು ಇನ್ನೊಂದು ಜಾಡಿಗೆ ತುಂಬಿಸಿ ಮೇಜಿನ ಕೆಳಗೆ ಗೋಣಿ ಮುಚ್ಚಿ ಇಟ್ಟಿದ್ದೇನೆ. ಗುರುವಾರ ಅದನ್ನೇ ಬೆರೆಸುವುದು. ಹಳೆ ಜಾಡಿ ಅತ್ತೆಯವರಿಗೆ ನೋಡಲು ಇರಲಿ.'

ಮುಖಕ್ಕೆ ಹೊಡೆದಂತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟಂತೆ ನನಗೊಂದು ಜಾಡಿ ಕೊಟ್ಟಿದ್ದ. ಮೇಜಿನ ಕೆಳಗೆ ಬಗ್ಗಿದೆ, ಗೋಣಿ ಸರಿಸಿದೆ. ಜಾಡಿ ಇತ್ತು. ಮುಚ್ಚಳ ತೆಗೆದೆ. ಒಳಗೆ ನುಣ್ಣನೆಯ ಕಪ್ಪು, ನನ್ನ ಮುಖ ಕಾಣುವಷ್ಟು. ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಸೌಟು, ಎರಡು ಹೆಜ್ಜೆ ದೂರದಲ್ಲಿ ಗೋಂದಿನ ಜಾಡಿ. ಒಂದು ಸೌಟಿನ ಅಂಟು ಸಾಕು. ನಾಳೆ ಗಂಟು ಕಟ್ಟುತ್ತದೆ, ನನ್ನ ಮಾತು ಗೆಲ್ಲುತ್ತದೆ, ಬೀಗದ ಕೈ ನನ್ನದಾಗುತ್ತದೆ, ಅತ್ತೆ ತಪ್ಪು ಮಾಡಿದಳು ಎಂದು ಯಾವ ಪುಸ್ತಕ ಹೇಳಿದರೂ ಯಾರು ನಂಬುತ್ತಾರೆ? ಆ ಗಳಿಗೆ ನನ್ನ ಮನಸ್ಸು ಅಲ್ಲಿಯವರೆಗೂ ಹೋಯಿತು. ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮುಂದಿನ ಕೋಣೆಯಲ್ಲಿ ಮಗಳು ಬಾಟಲಿಗಳನ್ನು ಜೋಡಿಸುವ ಸದ್ದು ಕೇಳಿಸುತ್ತಿತ್ತು. ಅವಳು ಹೋದರೆ ಆ ಸದ್ದೂ ಇರುವುದಿಲ್ಲ. ಇಷ್ಟು ದಿನ ಆರೋಪ ಹೊರಿಸಿದ್ದ ಕೆಲಸವನ್ನು ಈಗ ತಿಳಿದೂ ತಿಳಿದೂ ನಾನೇ ಮಾಡಲು ನಿಂತಿದ್ದೆ. ಮುಚ್ಚಳ ಮುಚ್ಚಿದೆ, ಗೋಣಿ ಹೊದಿಸಿದೆ, ಪುಸ್ತಕವನ್ನು ಜೇಬಿಗೆ ಸೇರಿಸಿ ಮೇಲೆ ಹೋಗಿ ಮಲಗಿಬಿಟ್ಟೆ. ತಲೆನೋವು ಎಂದೆ ಮಗಳಿಗೆ. ಅವಳು ನಂಬಲಿಲ್ಲ, ಆದರೂ ಹಣೆಗೆ ಒದ್ದೆ ಬಟ್ಟೆ ಹಾಕಿದಳು.

ಗುರುವಾರ ಬೆಳಿಗ್ಗೆ ಅಳಿಯ ಬೆರೆಸಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗೋಂದು ತಿರುಗುತ್ತಿತ್ತು, ಮಸಿ ನೂಲಿನ ಹಾಗೆ ಇಳಿಯುತ್ತಿತ್ತು, ಅವನ ಕೈ ಒಂದು ಸಲವೂ ಅಲುಗಲಿಲ್ಲ. ನನ್ನ ಗಂಡನ ಕೈ ಕೂಡ ಕೊನೆಕೊನೆಗೆ ಅಲುಗುತ್ತಿತ್ತು. ಹತ್ತು ಗಂಟೆಗೆ ನಕ್ಷೆಯವರು ಬಂದರು. ತಮ್ಮ ಪೆನ್ನಿಗೆ ಶಾಯಿ ತುಂಬಿಸಿ, ಕಿಟಕಿಯ ಹತ್ತಿರ ಕೂತು ಉದ್ದಕ್ಕೆ ಒಂದು ಗೆರೆ ಎಳೆದರು, ಅದರ ಪಕ್ಕ ಇನ್ನೊಂದು, ಇನ್ನೊಂದು. ಒಂದು ಹಾಳೆ ತುಂಬಿತು. ಪೆನ್ನು ಎಲ್ಲೂ ನಿಲ್ಲಲಿಲ್ಲ. ಅವರ ಮುಖ ಅರಳಿತು. ಇಷ್ಟು ದಿನ ಏನಾಗಿತ್ತು ಎಂದು ಕೇಳಿದರು.

"ನೀರಿನ ಹದ ತಪ್ಪಿತ್ತು," ಅಂದ ಅಳಿಯ. "ನನ್ನದೇ ತಪ್ಪು."

ಪುಸ್ತಕ ತೆಗೆದು ಅದನ್ನೇ ಬರೆದುಕೊಂಡ ಕೂಡ. ಮಗಳು ತಲೆ ತಗ್ಗಿಸಿದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ ನಾನು ಇವತ್ತಿಗೂ ಕೇಳಿಲ್ಲ. ನಾನು ಸುಮ್ಮನಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಶಾಯಿ ಉಳಿಯಿತು, ಗಿರಾಕಿ ಉಳಿದರು, ಮಗಳು ಉಳಿದಳು, ನನ್ನ ಮರ್ಯಾದೆಯೂ ಉಳಿಯಿತು. ಅವನ ಹೆಸರಿಗೆ ಮಾತ್ರ ಆರು ವಾರದ ಮಸಿ. ಅವನು ಅದನ್ನು ಒರೆಸಿಕೊಳ್ಳುವವನಲ್ಲ, ಅದು ನನಗೆ ಗೊತ್ತಾಗಿ ಹೋಗಿತ್ತು.

"ಆ ಪುಸ್ತಕ ಇಲ್ಲಿ ಕೊಡಿ," ಅಂದೆ.

ಅವನು ಕೊಟ್ಟ. ಕಿವಿ ಮತ್ತೆ ಕೆಂಪಗಾಯಿತು. ನಕ್ಷೆಯವರ ಕೈಯಿಂದ ಪೆನ್ನು ಇಸಿದುಕೊಂಡೆ. 'ಕಾರಣ: ನೀರು' ಎಂದು ಬರೆದಿದ್ದ. ನೀರು ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ 'ಅತ್ತೆ' ಎಂದು ಬರೆದೆ. ಶಾಯಿ ಚೆನ್ನಾಗಿ ಇಳಿಯಿತು. ಆಮೇಲೆ ಚೀಲದಿಂದ ಸೌಟು ತೆಗೆದು ಮೇಜಿನ ಮೇಲಿಟ್ಟೆ, ಅದರ ಪಕ್ಕ ಗುಂಡಿ ಡಬ್ಬಿಯ ಬೀಗದ ಕೈ. ನಕ್ಷೆಯವರಿಗೆ ಎಲ್ಲ ಹೇಳಿದೆ, ಮಗಳು ಕೇಳಿಸಿಕೊಳ್ಳುವ ಹಾಗೆ: ಕದ್ದು ನೋಡಿದ್ದು, ತೊಳೆಯದೆ ಅದ್ದಿದ್ದು, ಇವನ ಮೇಲೆ ಹೊರಿಸಿದ್ದು. ಹೇಳುವಷ್ಟರಲ್ಲಿ ನಾಲ್ಕು ಸಲ ನೀರು ಕುಡಿದೆ.

ಅಳಿಯ ಪುಸ್ತಕವನ್ನೇ ನೋಡುತ್ತಿದ್ದ. "ಅತ್ತೆ, ಇದನ್ನ ನೀವು..."

"ಓದಿದೀನಿ. ನಿನ್ನೆ. ಪೂರ್ತಿ. ಹಳೆ ಜಾಡಿ ನನಗಿರ್ಲಿ ಅಂತ ಬರೆದಿದ್ದೀರಲ್ಲ, ಅದನ್ನೂ."

ಬೀಗದ ಕೈ ಎತ್ತಿಕೊಂಡ, ಇಟ್ಟುಕೊಳ್ಳುತ್ತಾನೆ ಎಂದುಕೊಂಡೆ, ಇಟ್ಟುಕೊಳ್ಳಬೇಕಾದದ್ದೇ. ಅದನ್ನು ನನ್ನ ಕಡೆಗೆ ಸರಿಸಿದ.

"ಇದು ನಿಮ್ಮ ಹತ್ರಾನೇ ಇರ್ಲಿ. ನೋಡೋಕೆ ಬಂದ್ರೆ ಗೋಡೆ ಮೇಲಿರೋ ಸೌಟು ತಗೊಳ್ಳಿ. ನಲ್ಲಿ ಗಲಾಟೆ ಮಾಡತ್ತೆ, ಮಾಡ್ಲಿ ಬಿಡಿ."

ಮಗಳು ನಕ್ಕಳು. ನಕ್ಕು, ಮುಖ ಮುಚ್ಚಿಕೊಂಡು ಒಳಗೆ ಹೋದಳು. ಅವಳು ಅಳುತ್ತಿದ್ದದ್ದು ನನಗೆ ಕೇಳಿಸಿತು.

ಮರುದಿನ ಅಳಿಯ, ಮಗಳು ಸೇರಿ ಜಾಡಿಗೆ ಹೊಸ ಮಸಿ ನೀರನ್ನು ತುಂಬಿಸಿದರು. ಶನಿವಾರ ಬೆಳಿಗ್ಗೆ ಏಳಕ್ಕೆ ನನ್ನ ಕಾಲುಗಳು ತಾವಾಗಿಯೇ ಮೆಟ್ಟಿಲಿಳಿದವು. ಆರು ವಾರದ ಅಭ್ಯಾಸ. ಬೀಗ ತೆಗೆದು ಒಳಗೆ ಹೋದೆ. ಹಿತ್ತಾಳೆಯ ಸೌಟನ್ನು ಮೊಳೆಯಿಂದ ತೆಗೆದು, ಅದು ಒಣಗಿದ್ದರೂ ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಕೊಳವೆ ಮನೆಯೆಲ್ಲ ಕೇಳುವಂತೆ ಅತ್ತಿತು. ಮೇಲಿನಿಂದ ಯಾರೂ ಇಳಿದು ಬರಲಿಲ್ಲ.

ಮಸಿ ಜಾಡಿಯ ಹತ್ತಿರ ಹೋಗಿ, ಮುಚ್ಚಳದ ಮೇಲೆ ಕೈಯಿಟ್ಟು, ಪೆನ್ಸಿಲಿನ ಗೀಟು ಎಲ್ಲಿದೆ ಎಂದು ಹುಡುಕಿದೆ. ಇರಲಿಲ್ಲ. ಜಾಡಿಯ ಸುತ್ತ ಬಗ್ಗಿ ಬಗ್ಗಿ ನೋಡಿದೆ. ರಬ್ಬರಿನಿಂದ ಉಜ್ಜಿ ತೆಗೆದ ಜಾಗ ಮಾತ್ರ ಬೆಳಕಿಗೆ ಮಸುಕಾಗಿ ಕಾಣಿಸಿತು. ಇನ್ನು ಈ ಮುಚ್ಚಳವನ್ನು ಯಾರು ತೆಗೆದರೂ, ಎಷ್ಟು ಸಲ ತೆಗೆದರೂ, ಅವನಿಗೆ ಗೊತ್ತಾಗುವುದಿಲ್ಲ.

ಮುಚ್ಚಳ ತೆರೆಯದೆ ಕೈ ತೆಗೆದೆ. ಆಮೇಲೆ ಸೌಟನ್ನು ಒರೆಸಿ ಮೊಳೆಗೆ ಹಾಕಿದೆ. ಗೋಂದಿನ ಜಾಡಿಯ ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡಿದೆ, ಅಷ್ಟೇ. ಅಷ್ಟೂ ಮಾಡದಿದ್ದರೆ ನನ್ನ ಗಂಡ ನನಗಿಟ್ಟ ಭೂತಗನ್ನಡಿ ಎಂಬ ಹೆಸರು ಏನಾಗಬೇಕು?